14 ಗೆದ್ದವರು 10 ಗೆದ್ದವರ ಊರಿಗೆ ಯಾಕೆ ಹೋಗಬೇಕು?

ಪ್ರಶ್ನೆ: ಮಗಳು ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಅವಳಿಂದಾಗಿ ನನಗೂ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿದೆ. 2024ರ ಸೀಸನ್‌ನಲ್ಲಿ ಅವಳೂರಿನ ತಂಡ ವೈಕಿಂಗ್ಸ್ 17ರಲ್ಲಿ 14 ಪಂದ್ಯ ಗೆದ್ದರು. ಆದರೂ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಸುತ್ತು) ತವರಿನ ಪಂದ್ಯ ಸಿಕ್ಕಿದ್ದು ಬರೀ 10 ಗೆದ್ದ ರ‍್ಯಾಮ್ಸ್‌ಗೆ. ಇದೆಂಥ ನ್ಯಾಯ? ಈ ಡಿವಿಜನ್ ಅನ್ನೋದು ಯಾಕೆ ಬಂತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಸಿಟ್ಟು ಸರಿಯಾಗೇ ಇದೆ. ಎನ್‌ಎಫ್‌ಎಲ್ ಅನ್ನೋ ಈ ಲೀಗ್‌ನಲ್ಲಿ ಎರಡು ಕಾನ್ಫರೆನ್ಸ್, ಒಂದೊಂದರಲ್ಲೂ ನಾಲ್ಕು ತಂಡಗಳ ನಾಲ್ಕು ಗುಂಪು, ಆ ಗುಂಪೇ ಡಿವಿಜನ್. ವೈಕಿಂಗ್ಸ್ ಡಿವಿಜನ್‌ನಲ್ಲೇ ಡೆಟ್ರಾಯಿಟ್ ಲಯನ್ಸ್ 15 ಗೆದ್ದಿತ್ತು. ಎನ್‌ಎಫ್‌ಎಲ್‌ನ ಎರಡು ಕಾನ್ಫರೆನ್ಸ್‌ಗಳಲ್ಲೂ ಮೊದಲ 4 ಸ್ಥಾನ ಡಿವಿಜನ್ ಗೆದ್ದವರಿಗೇ ಮೀಸಲು, ಉಳಿದವರು ಎಷ್ಟೇ ಗೆದ್ದಿರಲಿ 5ನೇ ಸ್ಥಾನದಿಂದ ಶುರು. ತವರಿನ ಪಂದ್ಯ ಸಿಗೋದು ಮೇಲಿನ ಸ್ಥಾನದವರಿಗೆ. ರ‍್ಯಾಮ್ಸ್ 10 ಗೆದ್ದೇ ತನ್ನ ಡಿವಿಜನ್ ಗೆದ್ದಿತ್ತು.

ಮೊದಲು ಹೀಗಿರಲಿಲ್ಲ. 1920ರಲ್ಲಿ ಲೀಗ್ ಹುಟ್ಟಿದಾಗ ಫೈನಲ್ಲೇ ಇರಲಿಲ್ಲ, ಪಟ್ಟಿಯಲ್ಲಿ ಮೇಲಿದ್ದವರೇ ಚಾಂಪಿಯನ್. 1932ರಲ್ಲಿ ಶಿಕಾಗೊ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಸಮ ಆದರು, ಇನ್ನೊಂದು ಪಂದ್ಯ ಆಡಿಸಬೇಕಾಯಿತು. ಶಿಕಾಗೊದಲ್ಲಿ ಹಿಮ, ವಿಪರೀತ ಚಳಿ. ಹಾಗಾಗಿ ಪಂದ್ಯ ಶಿಕಾಗೊ ಸ್ಟೇಡಿಯಂನ ಚಾವಣಿಯ ಕೆಳಗೆ ನಡೆಯಿತು. ಸ್ವಲ್ಪ ದಿನದ ಹಿಂದೆ ಅಲ್ಲಿ ಸರ್ಕಸ್ ನಡೆದಿತ್ತು, ಅದರ ಮಣ್ಣಿನ ಮೇಲೇ, 100 ಗಜದ ಬದಲು 80 ಗಜದ ಮೈದಾನದಲ್ಲಿ ಆಡಿ ಬೇರ್ಸ್ 9–0ರಿಂದ ಗೆದ್ದರು. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಮರುವರ್ಷವೇ ಲೀಗನ್ನು ಪೂರ್ವ, ಪಶ್ಚಿಮ ಅಂತ ಎರಡು ಭಾಗ ಮಾಡಿ, ಎರಡರ ವಿಜೇತರಿಗೂ ಫೈನಲ್ ಇಟ್ಟರು. ಡಿವಿಜನ್ ಬಂದಿದ್ದೇ ಒಂದು ಒಳ್ಳೆಯ ಫೈನಲ್‌ಗಾಗಿ.

ಇದರಿಂದ ಅನ್ಯಾಯ ಆಗಿದ್ದೂ ಉಂಟು. ನನಗೆ ಈಗಲೂ ಸಂಕಟ ಆಗೋದು 1967ರ ಬಾಲ್ಟಿಮೋರ್ ಕೋಲ್ಟ್ಸ್ ನೆನೆದರೆ. ಕೊನೇ ಪಂದ್ಯದವರೆಗೂ ಅವರನ್ನು ಯಾರೂ ಸೋಲಿಸಿರಲಿಲ್ಲ. ಆ ಪಂದ್ಯದಲ್ಲಿ ರ‍್ಯಾಮ್ಸ್‌ಗೆ ಸೋತರು, ಇಬ್ಬರದ್ದೂ 11 ಗೆಲುವು, 1 ಸೋಲು, 2 ಡ್ರಾ ಆಯಿತು. ಪರಸ್ಪರ ಪಂದ್ಯಗಳಲ್ಲಿ ರ‍್ಯಾಮ್ಸ್ ಮುಂದಿತ್ತು. ಆಗ ಡಿವಿಜನ್ ಗೆಲ್ಲದವರಿಗೂ ಪ್ಲೇಆಫ್ ಜಾಗ ಕೊಡುವ ವೈಲ್ಡ್ ಕಾರ್ಡ್ ಇರಲಿಲ್ಲ, ಹಾಗಾಗಿ ವರ್ಷಪೂರ್ತಿ ಒಂದೇ ಒಂದು ಸೋಲು ಕಂಡ ತಂಡ ಪ್ಲೇಆಫ್ ಕಾಣದೆ ಮನೆಗೆ ಹೋಯಿತು, ಬರೀ 9 ಗೆದ್ದಿದ್ದ ಗ್ರೀನ್ ಬೇ ಪ್ಯಾಕರ್ಸ್ ಆ ಸಲ ಸೀಸನ್ನಿನ ಕೊನೆಯ ಫೈನಲ್ ಆದ ಸೂಪರ್ ಬೌಲನ್ನೇ ಗೆದ್ದಿತು!

ವೈಲ್ಡ್ ಕಾರ್ಡ್ ಬಂದಿದ್ದು 1970ರಲ್ಲಿ, ಕಾನ್ಫರೆನ್ಸ್‌ಗೆ ಒಂದರಂತೆ. ಈಗ ಮೂರು. ಆದರೆ ತವರಿನ ಪಂದ್ಯದ ವಿಷಯ ಬೇರೆಯೇ. 1974ರ ಸೀಸನ್‌ವರೆಗೆ ಅದು ಸರದಿ ಪ್ರಕಾರ ಸಿಗುತ್ತಿತ್ತು. ಒಂದೂ ಸೋಲದ 1972ರ ಮಯಾಮಿ ಡಾಲ್ಫಿನ್ಸ್ ಕೂಡ ಕಾನ್ಫರೆನ್ಸ್ ಫೈನಲ್‌ಗೆ ಪಿಟ್ಸ್‌ಬರ್ಗ್‌ಗೆ ಹೋಗಬೇಕಾಯಿತು. ಈಗಿನ ಪದ್ಧತಿ ಅದಕ್ಕಿಂತ ವಾಸಿ, ಅಲ್ವಾ?

ಆದರೂ ಸಾಲದು. ಒಂದೇ ಡಿವಿಜನ್‌ನ ತಂಡಗಳು ವರ್ಷಕ್ಕೆ ಎರಡು ಸಲ ಎದುರಾಗುತ್ತವೆ, ಆ ಹಗೆತನವೇ ಈ ಆಟದ ಜೀವ. ಹಾಗಾಗಿ ಡಿವಿಜನ್ ಗೆದ್ದವರಿಗೆ ಪ್ಲೇಆಫ್ ಜಾಗ ಕೊಡಲೇಬೇಕು. ತವರಿನ ಪಂದ್ಯ ಮಾತ್ರ ಜಾಸ್ತಿ ಗೆದ್ದವರಿಗೇ ಸಿಗಬೇಕು. 2010ರ ಸೀಸನ್‌ನಲ್ಲಿ 7 ಗೆದ್ದು 9 ಸೋತ ಸಿಯಾಟಲ್ ಸೀಹಾಕ್ಸ್ ತನ್ನ ಮೈದಾನದಲ್ಲೇ 11 ಗೆದ್ದಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸನ್ನು 41–36ರಿಂದ ಸೋಲಿಸಿತು. ಪಂದ್ಯ ಅದ್ಭುತವಾಗಿತ್ತು, ಆದರೆ ಅದು ನಡೆಯಬೇಕಾಗಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ.

ಸ್ಥಾನಗಳನ್ನು ಗೆಲುವಿನ ಲೆಕ್ಕದಲ್ಲಿ ಕೊಡಿ ಅಂತ 2025ರಲ್ಲಿ ಪ್ರಸ್ತಾಪ ಇಟ್ಟಿದ್ದು ಯಾರು ಗೊತ್ತಾ? ನಿಮ್ಮ ವೈಕಿಂಗ್ಸನ್ನು ಹಿಂದಿಕ್ಕಿದ ಅದೇ ಲಯನ್ಸ್. ಆಮೇಲೆ ವಾಪಸ್ ತೆಗೆದುಕೊಂಡರು. ಯಾರಾದರೂ ಅದನ್ನು ಮತ್ತೆ ತರಲೇಬೇಕು.