ತಾಳವನ್ನು ಟೈಮರಿಗೆ ಒಪ್ಪಿಸಬೇಡಿ

ತಾಳ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ, ನಿಮಿಷಕ್ಕೆ 72 ಪೆಟ್ಟು ಬೇಕು, ಪ್ರತಿ ಸದ್ದಿನ ನಂತರ 833 ಮಿಲಿಸೆಕೆಂಡ್ ‘ಸ್ಲೀಪ್’ (ಅಷ್ಟು ಹೊತ್ತು ಸುಮ್ಮನಿರು ಎಂಬ ಆದೇಶ) ಕೊಟ್ಟಿದ್ದೇನೆ, ಆದರೂ ವಿಂಡೋಸಿನಲ್ಲಿ ತಾಳ ಹಿಂದೆ ಬೀಳುತ್ತದೆ, ಯಾಕೆ ಎಂದು ಕೇಳಿದ್ದೀರಿ. ನಾನೂ ಇದೇ ಗುಂಡಿಗೆ ಬಿದ್ದವನು. ಉಡುಪಿಯಲ್ಲಿ ಯಕ್ಷಗಾನದ ಮದ್ದಳೆ ಕಲಿಯುತ್ತಿದ್ದಾಗ ಮನೆಯ ಅಭ್ಯಾಸಕ್ಕೆಂದು ಏಕತಾಳ ಹಾಕುವ ಪ್ರೋಗ್ರಾಂ ಬರೆದಿದ್ದೆ. ಕೇಳಿದ ಗುರುಗಳು, ‘ನಿನ್ನ ಭಾಗವತರಿಗೆ ನಿದ್ದೆ ಬರುತ್ತಿದೆಯಲ್ಲ’ ಎಂದರು. ಆ ಆದೇಶದ ಹೆಸರೇ ನಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ವಿಂಡೋಸಿನ ಟೈಮರ್ ಸಾಮಾನ್ಯವಾಗಿ 15.6 ಮಿಲಿಸೆಕೆಂಡಿಗೊಮ್ಮೆ ಮಾತ್ರ ಮಿಸುಕುತ್ತದೆ. 833 ಕೇಳಿದರೆ ಎಚ್ಚರವಾಗುವುದು ಅದರ ನಂತರದ ಮಿಸುಕಿಗೆ, ಸುಮಾರು 844ಕ್ಕೆ. ಒಂದು ಪೆಟ್ಟಿನಲ್ಲಿ ಹತ್ತು ಮಿಲಿಸೆಕೆಂಡ್ ಯಾರಿಗೂ ತಿಳಿಯದು. 72 ಪೆಟ್ಟಾಗುವಾಗ ಮುಕ್ಕಾಲು ಸೆಕೆಂಡ್, ಹೆಚ್ಚುಕಡಿಮೆ ಒಂದು ಇಡೀ ಪೆಟ್ಟೇ ಮಾಯ. ಟೈಮರನ್ನು 1 ಮಿಲಿಸೆಕೆಂಡಿಗೆ ಇಳಿಸಬಹುದು, ಆದರೂ ಬೇರೆ ಕೆಲಸ ಅಡ್ಡಬಂದಾಗ ತಡವರಿಸುತ್ತದೆ.

ಸಮಯ ಕೇಳಬೇಕಾದದ್ದು ಸೌಂಡ್ ಕಾರ್ಡನ್ನು. ಅದು ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಕ್ಷಣದ ಅಳತೆ) ನುಡಿಸುತ್ತದೆ ಎಂದಿಟ್ಟುಕೊಳ್ಳಿ. 72ರ ಲಯಕ್ಕೆ ಪೆಟ್ಟಿನಿಂದ ಪೆಟ್ಟಿಗೆ ಸರಿಯಾಗಿ 36,750. ಸದ್ದನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ಬದಲು ಒಂದೇ ಹರಿವನ್ನು ತೆರೆದಿಡಿ. ಬಫರ್ (ನುಡಿಸುವ ಮೊದಲು ಸ್ಯಾಂಪಲುಗಳನ್ನು ತುಂಬಿಡುವ ಪುಟ್ಟ ಜಾಗ) ತುಂಬಿಸಲು ಕರೆ ಬಂದಾಗಲೆಲ್ಲ, ಈವರೆಗೆ ಎಷ್ಟು ಸ್ಯಾಂಪಲ್ ಆಯಿತೆಂಬ ಎಣಿಕೆ ನೋಡಿ: 0, 36,750, 73,500ನೇ ಜಾಗಗಳಲ್ಲಿ ತಾಳದ ಸದ್ದು, ಅದು ಮುಗಿದಲ್ಲಿಂದ ಮುಂದಿನ ಪೆಟ್ಟಿನವರೆಗೆ ಸೊನ್ನೆ, ಅಂದರೆ ಮೌನ. ಪೈಥಾನಿನಲ್ಲಿ ಸೌಂಡ್‌ಡಿವೈಸ್, ಸಿ ಭಾಷೆಯಲ್ಲಿ ಪೋರ್ಟ್‌ಆಡಿಯೊ ಎಂಬ ಸಿದ್ಧ ಲೈಬ್ರರಿಗಳು ಇದಕ್ಕೆ ಧಾರಾಳ ಸಾಕು.

ಇಲ್ಲಿ ನಾನು ಮತ್ತೊಮ್ಮೆ ಎಡವಿದೆ. ಪೆಟ್ಟು ಬಫರಿನ ನಡುವೆ ಬೀಳಬೇಕಾದಾಗಲೂ ಅದರ ಆರಂಭದಲ್ಲೇ ಇಡುತ್ತಿದ್ದೆ. 512 ಸ್ಯಾಂಪಲಿನ ಬಫರ್ ಎಂದರೆ 11.6 ಮಿಲಿಸೆಕೆಂಡ್, ಅಷ್ಟರೊಳಗೆ ಪೆಟ್ಟುಗಳು ಹಿಂದೆ ಮುಂದೆ ಓಲಾಡಿದವು. ನಡುವೆ ಬೀಳಬೇಕಾದದ್ದು ನಡುವೆಯೇ ಬೀಳಲಿ. ಎಲ್ಲ ಪೆಟ್ಟೂ ಒಂದೇ ಅಳತೆಯಲ್ಲಿ ತಡವಾದರೆ ಚಿಂತೆಯಿಲ್ಲ, ಕಿವಿಗೆ ಚುಚ್ಚುವುದು ಏರುಪೇರು.

ಲಯ ಏರಿಸುವಾಗ (ಯಕ್ಷಗಾನದಲ್ಲಿ ಏರಿಸದೆ ಆಗುತ್ತದೆಯೇ!) ಹಳೆಯ ಲೆಕ್ಕವನ್ನು ಮೊದಲಿನಿಂದ ಗುಣಿಸಬೇಡಿ, ಕೊನೆಯ ಪೆಟ್ಟಿನಿಂದ ಹೊಸದಾಗಿ ಎಣಿಸಿ. ಪೆಟ್ಟುಗಳು ಹತ್ತಿರವಾದಾಗ ಹಿಂದಿನದರ ಅನುರಣನ ಇನ್ನೂ ಉಳಿದಿರುತ್ತದೆ. ಕತ್ತರಿಸಿದರೆ ‘ಟಪ್’ ಎನ್ನುತ್ತದೆ, ಹೊಸದರೊಂದಿಗೆ ಕೂಡಿಸಿ.

ಸದ್ದಿನ ಕಡತವನ್ನು ಮೊದಲೇ ಮೆಮೊರಿಗೆ ತಂದಿಡಿ. ಎಂಪಿ3 ಬೇಡ, ವೇವ್ ಇರಲಿ: ಎಂಪಿ3 ಮಾಡುವಾಗ ಮುಂದುಗಡೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಪೆಟ್ಟಿಗೊಮ್ಮೆ ಪರದೆಯ ಮೇಲೆ ಮಿನುಗುವ ದೀಪವೂ ತಾಳದ ಸದ್ದೂ ಯಾಕೆ ಕೂಡುವುದಿಲ್ಲವೆಂದು ನಾನು ಎರಡು ಸಂಜೆ ತಲೆ ಕೆಡಿಸಿಕೊಂಡದ್ದು ಈ ಮೌನದಿಂದಲೇ.