ಇಂಡೆಕ್ಸ್ ಹಾದಿ ತಪ್ಪಿದರೆ ಹೋಲಿಕೆಯ ಫಂಕ್ಷನ್ ಬರೆಯಬೇಡಿ

ಹೊಸ ಸರ್ವರ್‌ಗೆ ಹೋದ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಟೇಬಲ್‌ನಲ್ಲಿರುವ ಸಾಲನ್ನೇ ಇಲ್ಲ ಅನ್ನುತ್ತಿದೆ, ಪಠ್ಯದ ಹೋಲಿಕೆಗೆ ನನ್ನದೇ ಫಂಕ್ಷನ್ ಬರೆಯಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಮುಂಬೈನ ಮಾಟುಂಗಾದಲ್ಲಿ ಉಡುಪಿ ಹೋಟೆಲ್‌ಗಳಿಗೆ ಬಾಳೆಎಲೆ, ತೆಂಗಿನಕಾಯಿ ಒದಗಿಸುವವರ ಲೆಕ್ಕದ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಾಗ ನಮಗೂ ಹೀಗೇ ಆಯಿತು.

ನಮ್ಮ ಹಳೆ ಸರ್ವರ್‌ನ ಓಎಸ್ ಆಗಿದ್ದ ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್‌ಗೆ ಮುಗಿಯಿತಲ್ವಾ? ಆಗ ಡೇಟಾ ಡೈರೆಕ್ಟರಿಯನ್ನು ಹಾಗೇ ಎತ್ತಿ ರಾಕಿ ಲಿನಕ್ಸ್ 9ಕ್ಕೆ ಹಾಕಿದೆವು. ಪೋಸ್ಟ್‌ಗ್ರೆಸ್ ಅಕ್ಷರಗಳ ಕ್ರಮಕ್ಕೆ ನೆಚ್ಚಿಕೊಂಡಿದ್ದ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2.17ರಿಂದ 2.34ಕ್ಕೆ ಹೋಯಿತು. ನಡುವೆ, 2018ರಲ್ಲಿ ಬಂದ 2.28ರಲ್ಲಿ, ಸ್ಟ್ರಿಂಗ್ (ಅಕ್ಷರಗಳ ಸರಣಿ) ಹೋಲಿಸುವ ನಿಯಮವೇ ಬದಲಾಗಿದೆ. ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್) ಮೊದಲು '11' ಆದ ಮೇಲೆ '1-1' ಬರುತ್ತಿತ್ತು. ಈಗ '1-1' ಮುಂದೆ. ನಮ್ಮ ಹೋಟೆಲ್ ಕೋಡ್‌ಗಳೆಲ್ಲ ಇದೇ ಥರದವು. ಸಾಲು ಬೇಗ ಹುಡುಕಲು ಮರದಂತೆ ಜೋಡಿಸಿಟ್ಟ ಪಟ್ಟಿಯೇ ಇಂಡೆಕ್ಸ್. ಅದು ಹಳೆ ಕ್ರಮದಲ್ಲೇ ಕೂತಿದೆ, ಹುಡುಕಾಟ ಹೊಸ ನಿಯಮ ಹಿಡಿದು ಮರದ ತಪ್ಪು ಕೊಂಬೆಗೆ ಇಳಿಯುತ್ತದೆ.

ಅಷ್ಟಕ್ಕೇ ನಿಂತಿದ್ದರೆ ಬೇಗ ಸರಿಯಾಗುತ್ತಿತ್ತು. ಪೋಸ್ಟ್‌ಗ್ರೆಸ್ 15 ಕನೆಕ್ಟ್ ಆದಾಗಲೆಲ್ಲ 'ಕೊಲೇಶನ್ ವರ್ಷನ್ ಮಿಸ್‌ಮ್ಯಾಚ್' ಅಂತ, ಅಂದರೆ ಅಕ್ಷರ ಜೋಡಿಸುವ ನಿಯಮದ (ಕೊಲೇಶನ್) ವರ್ಷನ್ ಹೊಂದುತ್ತಿಲ್ಲ ಅಂತ ಎಚ್ಚರಿಸುತ್ತಿತ್ತು. ನಾವು 'ರಿಫ್ರೆಶ್ ಕೊಲೇಶನ್ ವರ್ಷನ್' ಓಡಿಸಿದೆವು. ಎಚ್ಚರಿಕೆ ನಿಂತಿತು. ಆದರೆ ಆ ಕಮ್ಯಾಂಡ್ ಇಂಡೆಕ್ಸನ್ನು ಮುಟ್ಟುವುದೇ ಇಲ್ಲ! ಬರೆದಿಟ್ಟ ವರ್ಷನ್ ನಂಬರನ್ನು ಮಾತ್ರ ಬದಲಿಸುತ್ತದೆ. ಮೊದಲು ರೀಇಂಡೆಕ್ಸ್ (ಇಂಡೆಕ್ಸನ್ನು ಹೊಸದಾಗಿ ಕಟ್ಟುವುದು), ಆಮೇಲೆ ರಿಫ್ರೆಶ್. ಎಚ್ಚರಿಕೆಯ ಕೆಳಗಿನ ಸೂಚನೆಯಲ್ಲೇ ಈ ಕ್ರಮ ಇದೆ. ಎರಡನೆಯದನ್ನಷ್ಟೇ ಮಾಡಿದ್ದರಿಂದ ತೊಂದರೆ ಹೇಳುತ್ತಿದ್ದ ಒಂದೇ ಬಾಯಿ ಮುಚ್ಚಿತು. ಒಂದೇ ಕೋಡ್ ಎರಡು ಸಲ ಬರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಕೂಡ ಹಳೆ ಸಾಲನ್ನು ಕಾಣದೆ ಅದೇ ಕೋಡನ್ನು ಮತ್ತೆ ಒಳಗೆ ಬಿಟ್ಟಿತು. ಒಂದೇ ಹೋಟೆಲ್‌ಗೆ ಎರಡು ಖಾತೆ, ಬಾಕಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಕೊನೆಗೆ ರೀಇಂಡೆಕ್ಸ್‌ಗೆ ಹೋದರೆ ಡುಪ್ಲಿಕೇಟ್ ಇದೆ ಅಂತ ಅದೂ ನಿಂತಿತು. ಬಿಲ್ ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಖಾತೆ ಕೂಡಿಸಬೇಕಾಯಿತು.

ನೀವು ಇವತ್ತೇ ಟೇಬಲ್‌ಗೆ ಬರೆಯುವುದನ್ನು ನಿಲ್ಲಿಸಿ, ಬ್ಯಾಕಪ್ ತೆಗೆಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸ್ ಪರೀಕ್ಷಿಸುವ ಆಮ್‌ಚೆಕ್ ಓಡಿಸಿದರೆ ಯಾವ ಇಂಡೆಕ್ಸ್ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಡುಪ್ಲಿಕೇಟ್ ಹುಡುಕುವಾಗ ಇಂಡೆಕ್ಸ್ ಸ್ಕ್ಯಾನ್‌ಗಳನ್ನೆಲ್ಲ ಆಫ್ ಮಾಡಿ, ಇಲ್ಲದಿದ್ದರೆ ಆ ಕೆಟ್ಟ ಇಂಡೆಕ್ಸೇ ನಿಮಗೆ ಉತ್ತರ ಕೊಡುತ್ತದೆ. ಡುಪ್ಲಿಕೇಟ್‌ಗಳನ್ನು ಸರಿಮಾಡಿ ಟೆಕ್ಸ್ಟ್ ಕಾಲಂ ಇರುವ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಿ. ಸುಮ್ನೆ ಒಂದೆರಡಕ್ಕೆ ಮಾಡಿ ಬಿಡಬೇಡಿ. ಕೋಡ್ ಕಾಲಂಗಳಿಗೆ 'ಸಿ' ಕೊಲೇಶನ್ ಕೊಡಿ. ಅದರದ್ದು ಬರೀ ಬೈಟ್ ಲೆಕ್ಕ, ಓಎಸ್ ಬದಲಾದರೂ ಕ್ರಮ ಬದಲಾಗದು. ಕನ್ನಡ ಹೆಸರುಗಳ ಪಟ್ಟಿ ತೋರಿಸಲು ಮಾತ್ರ ಅದು ಸಾಲದು. ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ಹ ಆದ ಮೇಲೆ ಅಲ್ಲ.