ಸ್ಪ್ರಿಂಗ್ ಲೆಕ್ಕದಲ್ಲಿ ಗುರುತ್ವವನ್ನು ಎಲ್ಲಿ ಸೇರಿಸಬೇಕು?

ಪ್ರಶ್ನೆ: ಸಿಇಟಿಗೆ ಓದುತ್ತಿದ್ದೇನೆ. ಇಳಿಬಿಟ್ಟ ಸ್ಪ್ರಿಂಗ್‌ಗೆ 200 ಗ್ರಾಂ ತೂಕ ಕಟ್ಟಿದಾಗ ಅದು 4.9 ಸೆಂ.ಮೀ. ಹಿಗ್ಗಿ ನಿಲ್ಲುತ್ತದೆ. ಅಲ್ಲಿಂದ ಇನ್ನೂ 2 ಸೆಂ.ಮೀ. ಕೆಳಗೆಳೆದು ಬಿಟ್ಟರೆ ಆವರ್ತಕಾಲ (ಒಂದು ಸಲ ಪೂರ್ತಿ ಮೇಲೆ ಹೋಗಿ ಕೆಳಗೆ ಬರಲು ಬೇಕಾದ ಹೊತ್ತು), ಗರಿಷ್ಠ ವೇಗ ಎಷ್ಟು? ಮೊದಲ 1 ಸೆಂ.ಮೀ. ಮೇಲೇರಲು ಎಷ್ಟು ಹೊತ್ತು ಬೇಕು? ಪಾರ (ಆಂಪ್ಲಿಟ್ಯೂಡ್, ಅಂದರೆ ನಡುವಿನ ಜಾಗದಿಂದ ತೂಕ ಹೋಗುವ ಅತಿ ಹೆಚ್ಚು ದೂರ) 6.9 ಅಂತ ತಗೋಬೇಕಾ, 2 ಅಂತನಾ? ಗುರುತ್ವವನ್ನು ಎಲ್ಲಿ ಸೇರಿಸಬೇಕು?
– ಪಿಯು ವಿದ್ಯಾರ್ಥಿನಿ, ತುಮಕೂರು

ಉತ್ತರ: ಪಾರ 2 ಸೆಂ.ಮೀ. ಸೂತ್ರಕ್ಕೆ ಕೈಹಾಕುವ ಮೊದಲು ಸೊನ್ನೆ ಎಲ್ಲಿ ಅಂತ ಗುರುತು ಹಾಕಿಕೊಳ್ಳಿ. ತೂಕ ತಾನಾಗಿಯೇ ನಿಂತ ಜಾಗವೇ ಇಲ್ಲಿ ಸೊನ್ನೆ. ಸ್ಪ್ರಿಂಗ್ ಬರಿದಾಗಿದ್ದಾಗ ಅದರ ತುದಿ ಇದ್ದ ಜಾಗವಲ್ಲ.

ಯಾಕೆ ಅಂತ ಅಂಕಿಯಲ್ಲೇ ನೋಡೋಣ. ತೂಕ ಸುಮ್ನೆ ನಿಂತಿರುವಾಗ ಭೂಮಿ ಅದನ್ನು 1.96 ನ್ಯೂಟನ್ ಬಲದಿಂದ ಕೆಳಗೆಳೆಯುತ್ತದೆ, ಸ್ಪ್ರಿಂಗ್ ಅಷ್ಟೇ ಬಲದಿಂದ ಮೇಲೆಳೆಯುತ್ತದೆ. 1.96ನ್ನು 0.049 ಮೀಟರ್‌ನಿಂದ ಭಾಗಿಸಿದರೆ ಸ್ಪ್ರಿಂಗ್ ಸ್ಥಿರಾಂಕ ಸಿಗುತ್ತದೆ: ಮೀಟರ್‌ಗೆ 40 ನ್ಯೂಟನ್. ಈಗ 2 ಸೆಂ.ಮೀ. ಎಳೆಯಿರಿ. ಸ್ಪ್ರಿಂಗ್ ಒಟ್ಟು 6.9 ಸೆಂ.ಮೀ. ಹಿಗ್ಗಿದೆ, ಅದರ ಎಳೆತ 2.76 ನ್ಯೂಟನ್. ಭೂಮಿಯ 1.96 ಕಳೆದರೆ ಉಳಿಯೋದು 0.80. ಸುಮ್ನೆ 40ನ್ನು 0.02ರಿಂದ ಗುಣಿಸಿದ್ದರೂ ಇದೇ ಬರುತ್ತಿತ್ತು, ಅಲ್ವಾ? ಸೊನ್ನೆ ಸರಿಯಾದ ಜಾಗದಲ್ಲಿದ್ದರೆ ಗುರುತ್ವದ ಲೆಕ್ಕ ಅಲ್ಲಿಗೇ ಚುಕ್ತಾ. ಮತ್ತೆ ಸೇರಿಸಿದರೆ ಎರಡು ಸಲ ಸೇರಿಸಿದಂತಾಗುತ್ತದೆ.

ಇನ್ನುಳಿದದ್ದು ಸಲೀಸು. 0.2 ಕೆ.ಜಿ.ಯನ್ನು 40ರಿಂದ ಭಾಗಿಸಿದರೆ 0.005. ಅದರ ವರ್ಗಮೂಲವನ್ನು 2 ಪೈಯಿಂದ ಗುಣಿಸಿದರೆ ಆವರ್ತಕಾಲ ಸುಮಾರು 0.44 ಸೆಕೆಂಡ್. ಒಮೆಗಾ (2 ಪೈಯನ್ನು ಆವರ್ತಕಾಲದಿಂದ ಭಾಗಿಸಿದ್ದು) 40ನ್ನು 0.2ರಿಂದ ಭಾಗಿಸಿದಾಗ ಬರುವ 200ರ ವರ್ಗಮೂಲ, ಅಂದರೆ 14.1. ಪಾರದಿಂದ ಗುಣಿಸಿದರೆ ಗರಿಷ್ಠ ವೇಗ ಸೆಕೆಂಡಿಗೆ 0.28 ಮೀಟರ್. ಇದು ಸೊನ್ನೆಯ ಜಾಗ ದಾಟುವಾಗಿನ ವೇಗ. 4 ಸೆಂ.ಮೀ. ಎಳೆದು ಬಿಟ್ಟರೆ ವೇಗ ಎರಡು ಪಟ್ಟಾಗುತ್ತದೆ, ಆವರ್ತಕಾಲ ಮಾತ್ರ ಬದಲಾಗುವುದಿಲ್ಲ.

ಅಂದಹಾಗೆ, 0.049ನ್ನು 9.8ರಿಂದ ಭಾಗಿಸಿ ನೋಡಿ. ಅದೂ 0.005! ನಿಂತಾಗ ಎಷ್ಟು ಹಿಗ್ಗಿದೆ ಅಂತ ಕೊಟ್ಟಿದ್ದರೆ ಆವರ್ತಕಾಲಕ್ಕೆ ತೂಕವೂ ಬೇಡ, ಸ್ಥಿರಾಂಕವೂ ಬೇಡ. ಕ್ಯಾಲ್ಕುಲೇಟರ್ ಇಲ್ಲದ ಸಿಇಟಿಯಲ್ಲಿ ಇದರಿಂದ ತುಂಬಾ ಸಮಯ ಉಳಿಯುತ್ತದೆ.

ಜಾಸ್ತಿ ಜನ ಎಡವುವುದು ನಿಮ್ಮ ಕೊನೆಯ ಪ್ರಶ್ನೆಯಲ್ಲಿ. ತುದಿಯಿಂದ, ಅಂದರೆ ಎಳೆದು ಬಿಟ್ಟ ಜಾಗದಿಂದ, ಸೊನ್ನೆಗೆ ಬರಲು ಆವರ್ತಕಾಲದ ಕಾಲುಭಾಗ ಬೇಕು. ಅರ್ಧ ದೂರಕ್ಕೆ ಅದರ ಅರ್ಧ, ಅಂದರೆ ಎಂಟನೇ ಒಂದು ಭಾಗ ಅಂತ ಬರೆದುಬಿಡುತ್ತಾರೆ. ಅದು ತಪ್ಪು. ತುದಿಯಲ್ಲಿ ಬಿಟ್ಟ ತೂಕ ನಿಧಾನವಾಗಿ ಹೊರಟು ಆಮೇಲೆ ವೇಗ ಹಿಡಿಯುತ್ತದೆ. ತುದಿಯಿಂದ ಬಿಟ್ಟಿದ್ದರಿಂದ ಕೊಸೈನ್ ತಗೊಳ್ಳಿ. ಸೊನ್ನೆಯಿಂದ ಈಗಿನ ದೂರ 1 ಸೆಂ.ಮೀ., ಪಾರ 2, ಹಾಗಾಗಿ ಕೊಸೈನ್ ಅರ್ಧ, ಕೋನ 60 ಡಿಗ್ರಿ. ಪೂರ್ತಿ ಸುತ್ತಿನ 360ರಲ್ಲಿ 60 ಅಂದರೆ ಆರನೇ ಒಂದು ಭಾಗ: 0.074 ಸೆಕೆಂಡ್. ಮುಂದಿನ 1 ಸೆಂ.ಮೀ.ಗೆ ಇದರ ಅರ್ಧ ಹೊತ್ತು ಸಾಕು, 0.037 ಸೆಕೆಂಡ್.